ಕಾಲಸ್ಪರ್ಧೆಯ ಬೈಸಿಕಲ್ಲಿನಲ್ಲಿ ಪೀಠದ ಸ್ಥಾನ

ಬೈಸಿಕಲ್ ಪಂದ್ಯಗಳಲ್ಲಿ ಟೈಮ್ ಟ್ರಯಲ್, ಎಂದರೆ ಕಾಲಸ್ಪರ್ಧೆ, ಎಂಬುದೊಂದು ಬಗೆಯುಂಟು. ಇದರಲ್ಲಿ ಸವಾರರು ಗುಂಪಾಗಿ ಹೊರಡದೆ, ನಿಯತವಾದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸುತ್ತಾರೆ. ಮುಂದಿನವನ ಬೆನ್ನ ಮರೆಯಲ್ಲಿ ಗಾಳಿಯನ್ನು ತಪ್ಪಿಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ಆದುದರಿಂದ ದೇಹದ ಭಂಗಿಗೆ ಇಲ್ಲಿ ವಿಶೇಷ ಪ್ರಾಮುಖ್ಯವುಂಟು. ಆ ಭಂಗಿಯನ್ನು ಹ್ಯಾಂಡಲ್ಲೇ ನಿರ್ಣಯಿಸುತ್ತದೆಂದು ನೋಡುವವರಿಗೆ ತೋರಬಹುದು. ವಿಚಾರಿಸಿದರೆ ಅದರ ಮೂಲವಿರುವುದು ವಾಡಿಕೆಯಲ್ಲಿ ಸೀಟೆಂದು ಕರೆಯುವ ಪೀಠದಲ್ಲಿ.

ಮೊದಲು ಗಾಳಿಯ ವಿಷಯ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವವನ ಶ್ರಮದ ಬಹುಭಾಗ ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುತ್ತದೆ. ಇದಕ್ಕೆ ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಬೇಕಾದರೆ ಸಾಮರ್ಥ್ಯವನ್ನು ನೂರಕ್ಕೆ 33ರಷ್ಟು ಹೆಚ್ಚಿಸಬೇಕು. ಸವಾರನು ಗಾಳಿಗೆ ಒಡ್ಡುವ ವಿಸ್ತೀರ್ಣವನ್ನು ಅವನ ಆಕಾರದ ಗುಣಾಂಕದಿಂದ ಗುಣಿಸಿದಾಗ 0.25 ಚದರ ಮೀಟರು ಬರುತ್ತದೆನ್ನೋಣ. ವಾಯುವಿನ ಸಾಂದ್ರತೆ ಘನಮೀಟರಿಗೆ 1.2 ಕಿಲೋಗ್ರಾಂ ಇರುವಲ್ಲಿ, ಗಂಟೆಗೆ 50 ಕಿಲೋಮೀಟರು ಸಾಗಲು ಗಾಳಿಯೊಂದಕ್ಕೇ ಸುಮಾರು 402 ವ್ಯಾಟ್ ಬೇಕಾಗುತ್ತದೆ. ಬೆನ್ನನ್ನು ತಗ್ಗಿಸಿ ಆ ಗುಣಲಬ್ಧವನ್ನು 0.23ಕ್ಕೆ ಇಳಿಸಿದರೆ 370 ವ್ಯಾಟ್ ಸಾಕು.

ಹಾಗಾದರೆ ಬೆನ್ನನ್ನು ಬೇಕಾದಷ್ಟು ಬಾಗಿಸಬಹುದಲ್ಲವೆ? ತೊಡಕಿರುವುದು ಇಲ್ಲಿಯೇ. ಪೀಠವನ್ನು ಇದ್ದಲ್ಲಿಯೇ ಇಟ್ಟು ಹ್ಯಾಂಡಲ್ಲನ್ನು ಮಾತ್ರ ತಗ್ಗಿಸಿದರೆ ಮುಂಡಕ್ಕೂ ತೊಡೆಗೂ ನಡುವಣ ಕೋನ ಕಿರಿದಾಗುತ್ತದೆ. ಪೆಡಲು ಮೇಲೇರಿದಾಗ ತೊಡೆಯು ಹೊಟ್ಟೆಯನ್ನು ಒತ್ತುತ್ತದೆ, ಉಸಿರಾಟಕ್ಕೆ ಅಡಚಣೆಯಾಗುತ್ತದೆ, ತುಳಿತದ ಬಲ ಕುಗ್ಗುತ್ತದೆ. ಗಾಳಿಯಿಂದ ಗಳಿಸಿದ್ದನ್ನು ಕಾಲುಗಳು ಕಳೆದುಕೊಳ್ಳುತ್ತವೆ.

ಇದಕ್ಕೆ ಪರಿಹಾರವೆಂದರೆ, ಪೆಡಲುಗಳ ನಡುವಣ ಅಚ್ಚನ್ನೇ ಕೇಂದ್ರವಾಗಿರಿಸಿಕೊಂಡು ಇಡೀ ದೇಹವನ್ನು ಮುಂದಕ್ಕೆ ತಿರುಗಿಸುವುದು. ಆಗ ಬೆನ್ನು ತಗ್ಗುತ್ತದೆ. ಆದರೆ ಸೊಂಟದ ಕೋನ ಮೊದಲಿದ್ದಂತೆಯೇ ಉಳಿಯುತ್ತದೆ. ಪೀಠವನ್ನು ಮುಂದಕ್ಕೆ ಸರಿಸಿದ ಮಾತ್ರಕ್ಕೆ ಹೊಸ ಬಲವೇನೂ ಹುಟ್ಟುವುದಿಲ್ಲ. ಬಾಗಿದಾಗ ನಷ್ಟವಾಗಬಹುದಾಗಿದ್ದ ಬಲ ಉಳಿಯುತ್ತದೆ, ಅಷ್ಟೆ. ಅಚ್ಚಿನಿಂದ ಪೀಠಕ್ಕೆ 75 ಸೆಂಟಿಮೀಟರು ದೂರವಿರುವ ಬೈಸಿಕಲ್ಲಿನಲ್ಲಿ ಈ ರೇಖೆಯ ಕೋನವನ್ನು 73 ಡಿಗ್ರಿಗಳಿಂದ 78ಕ್ಕೆ ಏರಿಸಿದರೆ, ಪೀಠವು ಸುಮಾರು 6.3 ಸೆಂಟಿಮೀಟರು ಮುಂದೆ ಬರುತ್ತದೆ. ಕೇವಲ ಅಡ್ಡಡ್ಡಲಾಗಿ ಸರಿಸಿದರೆ ಅಚ್ಚಿಗೂ ಪೀಠಕ್ಕೂ ಇರುವ ದೂರ ಕಡಮೆಯಾಗುವುದರಿಂದ, ಅದನ್ನು ಕೊಂಚ ಎತ್ತರಿಸಲೂ ಬೇಕು. ಹ್ಯಾಂಡಲ್ಲೂ ಅದರೊಡನೆ ಮುಂದಕ್ಕೂ ಕೆಳಕ್ಕೂ ಸಾಗಬೇಕು. ಪೆಡಲು ಮುಂದಿರುವಾಗ ಮಂಡಿಯಿಂದ ಇಳಿಬಿಟ್ಟ ತೂಗುಗುಂಡಿನ ದಾರ ಪೆಡಲಿನ ಅಚ್ಚಿನ ಮೇಲೆ ಬೀಳಬೇಕೆಂಬ ಹಳೆಯ ಸೂತ್ರಕ್ಕೆ ಇಲ್ಲಿ ಬೆಲೆಯಿಲ್ಲ.

ಗಾಳಿಗೆ ಮೈ ತಗ್ಗಿಸುವುದರ ಫಲವನ್ನು ಲೋಕಕ್ಕೆ ತೋರಿಸಿದುದು 1989ರ ಟೂರ್ ಡಿ ಫ್ರಾನ್ಸ್ ಪಂದ್ಯ. ವರ್ಸೇಲ್ಸಿನಿಂದ ಪ್ಯಾರಿಸಿಗೆ ನಡೆದ 24.5 ಕಿಲೋಮೀಟರಿನ ಕೊನೆಯ ಕಾಲಸ್ಪರ್ಧೆಗೆ ಹೊರಟಾಗ ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದನು. ಮೊಣಕೈಗಳನ್ನು ಊರಿ ತೋಳುಗಳನ್ನು ಮುಂಚಾಚುವ ಹ್ಯಾಂಡಲ್ಲಿನಿಂದ ಆತನು ಗಂಟೆಗೆ 54.5 ಕಿಲೋಮೀಟರು ಸರಾಸರಿಯಲ್ಲಿ ಓಡಿಸಿ, ಲೊರಾಂ ಫಿನ್ಯೋನನನ್ನು ಒಟ್ಟು 8 ಸೆಕೆಂಡುಗಳಿಂದ ಸೋಲಿಸಿದನು. ಈ ಹ್ಯಾಂಡಲ್ಲು ಟ್ರಯಥ್ಲಾನ್ ಪಂದ್ಯಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ತೋಳುಗಳು ಹೀಗೆ ಮುಂದೆ ಸಾಗಿದ ಮೇಲೆ ಪೀಠವೂ ಅವುಗಳನ್ನು ಅನುಸರಿಸಬೇಕೆಂಬುದನ್ನು ಆ ಕ್ರೀಡೆಯವರೇ ಬೇಗ ಕಂಡುಕೊಂಡರು.

ಆದರೆ ಭಂಗಿಯ ಸ್ವಾತಂತ್ರ್ಯಕ್ಕೆ ನಿಯಮದ ಎಲ್ಲೆಯುಂಟು. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ 1993ರಲ್ಲಿ ನಾರ್ವೆಯ ಹಾಮಾರಿನಲ್ಲಿ, ತೋಳುಗಳನ್ನು ಎದೆಯಡಿಯಲ್ಲಿ ಮಡಿಸಿಕೊಂಡು, ಒಂದು ಗಂಟೆಯಲ್ಲಿ 51.596 ಕಿಲೋಮೀಟರು ಕ್ರಮಿಸಿದನು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1994ರಲ್ಲಿ ಆ ಭಂಗಿಯನ್ನು ನಿಷೇಧಿಸಿತು. ಪೀಠದ ವಿಷಯದಲ್ಲಿಯೂ, ಅದರ ಮೂತಿಯು ಅಚ್ಚಿನ ಲಂಬರೇಖೆಗಿಂತ ಕನಿಷ್ಠ 5 ಸೆಂಟಿಮೀಟರು ಹಿಂದಿರಬೇಕೆಂಬ ನಿಯಮ ಬಹುಕಾಲ ನಡೆಯಿತು. ಅಂಗರಚನೆಯ ಕಾರಣದಿಂದ ಕೆಲವರಿಗೆ ವಿನಾಯಿತಿ ದೊರೆಯುತ್ತಿತ್ತು. ನಿಯಮ ಅಳೆಯುವುದು ಮೂತಿಯನ್ನು, ಕುಳಿತ ದೇಹವನ್ನಲ್ಲ. ಆದುದರಿಂದ ಮೂತಿ ಮೋಟಾದ ಪೀಠಗಳು ಬಳಕೆಗೆ ಬಂದುವು.

ಮುಂದೆ ಕೂಡುವುದಕ್ಕೂ ಬೆಲೆ ತೆರಬೇಕು. ಸೊಂಟ ಮುಂದಕ್ಕೆ ಉರುಳುವುದರಿಂದ ಭಾರವು ಕುಳಿತೆಲುಬುಗಳನ್ನು ಬಿಟ್ಟು ಮೃದುವಾದ ಅಂಗಗಳ ಮೇಲೆ ಬೀಳುತ್ತದೆ; ನೋವಿನಿಂದ ಸವಾರನು ಮತ್ತೆಮತ್ತೆ ಹಿಂದೆ ಸರಿದರೆ ಲೆಕ್ಕವೆಲ್ಲ ವ್ಯರ್ಥ. ಮುಂದಿನ ಚಕ್ರಕ್ಕೆ ಹೊರೆ ಹೆಚ್ಚಿ, ತಿರುವುಗಳಲ್ಲಿ ಹಿಡಿತ ಸೂಕ್ಷ್ಮವಾಗುತ್ತದೆ. ದೀರ್ಘವಾದ ಏರಿನಲ್ಲಿ ವೇಗ ತಗ್ಗಿದಾಗ ಗಾಳಿಯ ಲಾಭವೂ ಅಲ್ಪವಾಗುತ್ತದೆ.

ಹೀಗಿರಲು, ಅತ್ಯಂತ ತಗ್ಗಿದ ಭಂಗಿಯಾಗಲಿ, ಅತ್ಯಂತ ಮುಂದಿನ ಪೀಠವಾಗಲಿ ಉತ್ತಮವೆಂದು ಹೇಳಲಾಗದು. ಗಾಳಿಯ ತಡೆಗೂ ಕಾಲಿನ ಬಲಕ್ಕೂ ಇರುವ ಪ್ರಮಾಣವು ಯಾವ ಸ್ಥಾನದಲ್ಲಿ ಅನುಕೂಲವಾಗಿದ್ದು, ಪಂದ್ಯದ ಕೊನೆಯ ನಿಮಿಷದವರೆಗೆ ಹಾಗೆಯೇ ನಿಲ್ಲುವುದೋ, ಆ ಸವಾರನಿಗೆ ಅದೇ ಸರಿಯಾದ ಸ್ಥಾನ.