ನಿಮಗಿದು ಗೊತ್ತೆ? ನಡುರಾತ್ರಿ ನೆತ್ತಿಗೆ ಬಾರದ ಕ್ಷುದ್ರಗ್ರಹಗಳು

ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹಗಳಲ್ಲಿ ಕೆಲವು ತಮ್ಮ ಪ್ರದಕ್ಷಿಣೆಯನ್ನೆಲ್ಲ ಭೂಕಕ್ಷೆಯ ಒಳಗೇ ಮುಗಿಸಿಬಿಡುವುದರಿಂದ, ನಡುರಾತ್ರಿಯ ಹೊತ್ತು ನಮ್ಮ ನೆತ್ತಿಯ ಮೇಲೆ ಅವು ಎಂದೆಂದಿಗೂ ಗೋಚರಿಸಲಾರವು. ಆಗ ನಾವು ಸೂರ್ಯನಿಗೆ ಬೆನ್ನುಮಾಡಿ ನಿಂತಿರುತ್ತೇವೆ. ಅವಾದರೋ ಸದಾ ಸೂರ್ಯನ ಪಕ್ಷದವೇ! ಅವುಗಳನ್ನು ಅರಸಹೊರಟ ಖಗೋಳವಿಜ್ಞಾನಿಗೆ ಒದಗುವುದು ಉಷಃಕಾಲ ಹಾಗೂ ಮುಸ್ಸಂಜೆಗಳ ಅತ್ಯಲ್ಪ ಅವಕಾಶ, ಅದೂ ದಿಗಂತದಂಚಿನ ಮಸುಕಿನಲ್ಲಿ.

ಈ ವರ್ಗಕ್ಕೆ ತನ್ನ ಹೆಸರನ್ನಿತ್ತ ‘ಅತೀರಾ’ ಪತ್ತೆಯಾದದ್ದು 2003ರಲ್ಲಿ. ಸುಮಾರು 233 ದಿನಗಳಿಗೊಮ್ಮೆ ಸೂರ್ಯನನ್ನು ಬಳಸಿಬರುವ ಈ ಬಂಡೆಗೆ ತನ್ನದೇ ಆದೊಂದು ಪುಟ್ಟ ಉಪಗ್ರಹವೂ ಉಂಟು. 2020ರ ಜನವರಿಯಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದವರು ಕಂಡುಹಿಡಿದ ‘2020 ಎವಿ2’ ಎಂಬುದಂತೂ ಶುಕ್ರನ ಕಕ್ಷೆಯನ್ನೂ ದಾಟದೆ ಅದರೊಳಗೇ ತಿರುಗುತ್ತಿದೆ. ಅಂಥದೊಂದು ಕ್ಷುದ್ರಗ್ರಹ ಕಣ್ಣಿಗೆ ಬಿದ್ದುದು ಅದೇ ಮೊದಲು.

ಮರುವರ್ಷ ಚಿಲಿ ದೇಶದ ದೂರದರ್ಶಕಕ್ಕೆ ಸಿಕ್ಕಿದ ‘2021 ಪಿಎಚ್27’ ಇನ್ನೂ ವಿಚಿತ್ರ. ಅದರ ವರ್ಷವೆಂದರೆ ಸುಮಾರು 113 ದಿನಗಳು ಮಾತ್ರ. ಸೂರ್ಯನಿಗೆ ಸುಮಾರು ಎರಡು ಕೋಟಿ ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದಾಗ ಅದರ ಮೇಲ್ಮೈ ಸೀಸವನ್ನೂ ಕರಗಿಸುವಷ್ಟು, ಎಂದರೆ ಸುಮಾರು 500 ಡಿಗ್ರಿ ಸೆಲ್ಸಿಯಸಿನಷ್ಟು, ಕಾಯುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ಹೇಳುವ ಕಕ್ಷೆಯ ಹೊರಳುವಿಕೆಯಾದರೂ, ಆ ವಿಷಯದಲ್ಲಿ ಸುಪ್ರಸಿದ್ಧನಾದ ಬುಧನಿಗಿಂತಲೂ ಇದರಲ್ಲಿ ಅಧಿಕವಾಗಿದೆ.