ಅಜಂತೆಯ ಪ್ರತಿಲೇಖನವೂ ವೆಂಕಟಪ್ಪನವರೂ

ಪೂರ್ವಚಿತ್ರಗಳ ಪ್ರತಿಲೇಖನವು ಕೇವಲ ದಾಸ್ಯವೆಂದು ಹಳಿಯುವವರುಂಟು. ಕಾವ್ಯಶಿಕ್ಷೆಗೆ ಪೂರ್ವಕವಿಗಳ ಪರಿಶೀಲನವನ್ನು ವಿಧಿಸಿದ ಮಮ್ಮಟಾದಿಗಳು ಈ ಆಕ್ಷೇಪವನ್ನು ಒಪ್ಪುತ್ತಿರಲಿಲ್ಲ. ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ, 1909–11ರಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ನಡೆಯಿಸಿದ ಅಜಂತೆಯ ಭಿತ್ತಿಚಿತ್ರಗಳ ಪ್ರತಿಲೇಖನದಲ್ಲಿ ನಂದಲಾಲ ವಸು ಮೊದಲಾದವರೊಡನೆ ಪಾಲ್ಗೊಂಡರು. ಅಲ್ಲಿ ಬೆಟ್ಟಗಳು ಇಟ್ಟಿಗೆಯಂಥ ತುಂಡುಗಳಾಗಿಯೂ ಮರಗಳು ಎಲೆಗೊಂಚಲುಗಳಾಗಿಯೂ ಸಂಕ್ಷೇಪಗೊಂಡು ಮನುಷ್ಯಾಕೃತಿಗಳಿಗೆ ಎಡೆಗೊಡುತ್ತವೆ. ದೂರವಿದ್ದವನು ಕಿರಿದಾಗಲೇಬೇಕೆಂಬ ಕಟ್ಟಳೆಯಿಲ್ಲ. ಕಥೆಯಲ್ಲಿ ಹಿರಿಯನಾದ ಪದ್ಮಪಾಣಿಯು ಗಾತ್ರದಲ್ಲಿಯೂ ಹಿರಿಯನೇ. ಈ ಸನ್ನಿವೇಶಕ್ರಮವು ನೋಡಿದ ಮಾತ್ರಕ್ಕೆ ವಶವಾಗುವಂಥದಲ್ಲ, ರೇಖೆಯನ್ನು ಹಿಂಬಾಲಿಸಿದ ಕೈಗೇ ಅದು ತಿಳಿಯತಕ್ಕದ್ದು. ಆಶ್ಚರ್ಯವೇನೆಂದರೆ, ಮುಂದೆ ವೆಂಕಟಪ್ಪನವರಿಗೆ ಕೀರ್ತಿ ತಂದ ಉದಕಮಂಡಲದ ಜಲವರ್ಣಚಿತ್ರಗಳಲ್ಲಿ ಮಂಜು, ಬೆಳದಿಂಗಳು, ಮರಗಳೇ ನಾಯಕರು. ಮನುಷ್ಯರೂಪವು ಬಹು ವಿರಳ.