ಕರಿಕಲ್ಲ ಸೀಮೆಯವರು ಕಾಣಬೇಕಾದ ಕೆಂಪು ಕಲ್ಲು

ದಕ್ಷಿಣ ಸೋಲಾಪುರದ ಕಂದಲಗಾಂವದ ಸೀಮೆಯಲ್ಲಿ ನೆಲ ಅಗೆದರೆ ಮೊದಲು ಎರೆಮಣ್ಣು, ಆಮೇಲೆ ಗರಸು, ಅದರಡಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಆರಿದ ಲಾವಾ ಅದು. ಮರಳುಗಲ್ಲು ಬೇಕೆಂದರೆ ಭೀಮೆ ದಾಟಿ, ಕೃಷ್ಣೆಯನ್ನೂ ದಾಟಿ ಬಾದಾಮಿಗೇ ಹೋಗಬೇಕು. ದಾರಿಯಲ್ಲಿ ವಿಜಯಪುರದಲ್ಲೇ ಅದರ ರುಚಿ ಸಿಗುತ್ತದೆ. ಕರಿಕಲ್ಲಿನ ಗೋಳಗುಮ್ಮಟದ ಎದುರಿನ ವಸ್ತುಸಂಗ್ರಹಾಲಯದಲ್ಲಿ, ಚಾಲುಕ್ಯ ಮಂಗಳೇಶನ ಶಾಸನವಿರುವ ಮಹಾಕೂಟದ ಕೆಂಪು ಕಂಬವಿದೆ.

ಬಾದಾಮಿಯ ಬಂಡೆ ಮೊದಲು ಹೊಳೆಯ ಮರಳಾಗಿತ್ತು. ಭೂಮಿಯ ಮೇಲೆ ಒಂದು ಗಿಡವೂ ಇರದಿದ್ದ ಕಾಲ. ಮಣ್ಣು ಹಿಡಿದಿಡಲು ಬೇರುಗಳಿಲ್ಲ, ಹೊಳೆಗಳು ಮನಬಂದಂತೆ ಪಾತ್ರ ಬದಲಿಸುತ್ತ ಮರಳು ಹರವಿದವು. ಪದರದ ಮೇಲೆ ಪದರ ಕೂತು, ಮೇಲಿನ ಭಾರಕ್ಕೆ ಒತ್ತಿ, ಕಾಳುಗಳ ಸಂದಿಗೆ ಸಿಲಿಕಾ ಇಳಿದು ಗಟ್ಟಿಯಾಯಿತು. ಕೆಂಪು ಕಬ್ಬಿಣದ ತುಕ್ಕಿನದು. ಮರಳುಗಲ್ಲು ಎಂಬ ಹೆಸರಿಗೆ ಅರ್ಹವಾಗಲು ಕಾಳು 2 ಮಿಲಿಮೀಟರಿಗಿಂತ ದಪ್ಪ ಇರಬಾರದು, ಅದರ ಮೂವತ್ತೆರಡನೇ ಒಂದು ಭಾಗಕ್ಕಿಂತ ಸಣ್ಣದೂ ಆಗಬಾರದು. ಬಂಡೆಯ ಮೈ ಸವರಿದರೆ ಬೆರಳಿಗೆ ತರಿತರಿ ಎನ್ನುತ್ತದೆ. ಕರಿಕಲ್ಲಿಗೆ ಈ ಗುಣವಿಲ್ಲ.

ಬಂಡೆಯ ಕಡಿದಾದ ಮುಖದಲ್ಲಿ ಕೆಲವೆಡೆ ಅಡ್ಡಗೆರೆಗಳ ನಡುವೆ ಓರೆಗೆರೆಗಳು ಕಾಣುತ್ತವೆ. ಪ್ರವಾಹ ಮರಳದಿಬ್ಬವನ್ನು ಮುಂದೆ ಮುಂದೆ ತಳ್ಳಿದ ಗುರುತು ಅದು. ಗೆರೆ ಇಳಿದ ಕಡೆಗೇ ನೀರು ಹರಿದಿತ್ತು. ಗೈಡುಗಳು ಇದನ್ನು ತೋರಿಸುವುದು ಕಡಿಮೆ, ನೇರ ಶಿಲ್ಪಗಳಿಗೇ ಕರೆದೊಯ್ಯುತ್ತಾರೆ. ಆದರೆ ಗೆರೆಗಳು ಶಿಲ್ಪಗಳನ್ನೂ ಬಿಟ್ಟಿಲ್ಲ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಕೆಂಪು, ಬಿಳಿ, ನೇರಳೆ ಪಟ್ಟೆಗಳು ಗೋಡೆಯಿಂದ ವಿಗ್ರಹಕ್ಕೆ, ಅಲ್ಲಿಂದ ಕಂಬಕ್ಕೆ ಎಡೆಬಿಡದೆ ಹಾಯುತ್ತವೆ. ದೇವರ ಎದೆಯ ಮೇಲೆ ಯಾವ ಬಣ್ಣ ಬರಬೇಕೆಂಬುದು ಶಿಲ್ಪಿಯ ಕೈಯಲ್ಲಿರಲಿಲ್ಲ!

ಪದರವೇ ಅನುಕೂಲ, ಪದರವೇ ತೊಂದರೆ. ಪದರ ಹಿಡಿದು ಎಬ್ಬಿಸಿದರೆ ಚಪ್ಪಡಿ ಸಿಗುತ್ತದೆ. ಐಹೊಳೆಯ ಮಾಡುಗಳನ್ನು ನೋಡಿ. ಅದೇ ಸಂದಿಯಲ್ಲಿ ನೀರು ಜಿನುಗಿದರೆ ಮೈ ಹೊಪ್ಪಳಿಸಿ ಏಳುತ್ತದೆ.

ಕೆತ್ತನೆಗೆ ಮರಳುಗಲ್ಲೇ ಸರಿ, ಕರಿಕಲ್ಲು ಬಗ್ಗದು ಎಂದು ನಮ್ಮಲ್ಲಿ ಕೆಲವರು ವಾದಿಸುವುದುಂಟು. ನಾನು ಒಪ್ಪುವುದಿಲ್ಲ. ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಮರಳುಗಲ್ಲು ಪೇರಿಸಿ ಕಟ್ಟಿಸಿದ ವಿರೂಪಾಕ್ಷ ದೇಗುಲಕ್ಕೂ ಎಲ್ಲೋರದ ಕೈಲಾಸಕ್ಕೂ ಹತ್ತಿರದ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕೈಲಾಸವನ್ನು ಕಡಿದದ್ದು ಇಡೀ ಗುಡ್ಡದಿಂದ, ಮೇಲಿಂದ ಕೆಳಕ್ಕೆ. ಕಲ್ಲು ಕಂದಲಗಾಂವದ್ದೇ ಜಾತಿ.